ಬಾಗುವ ತೋಳು

ಕೆಲಸಕ್ಕೆ ಮನುಷ್ಯನು ತಲೆಬಾಗಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ವಿನಯದ ದೃಷ್ಟಿಯಿಂದ ಆ ಮಾತು ನಿಜವಾದದ್ದು. ಕೊರಳಿನ ದೃಷ್ಟಿಯಿಂದ ಅಷ್ಟು ನಿಜವಲ್ಲ. ಪ್ರಾಯಕ್ಕೆ ಬಂದ ಮನುಷ್ಯನ ತಲೆಯು ನಾಲ್ಕೂವರೆ ಐದು ಕಿಲೋಗ್ರಾಮು ತೂಗುವದು. ಅದು ಬೆನ್ನೆಲುಬಿನ ನೇರಕ್ಕೆ ನಿಂತಿರುವ ವರೆಗೆ ಅದರ ಭಾರವು ಯಾರ ಲಕ್ಷ್ಯಕ್ಕೂ ಬರುವದಿಲ್ಲ. ಮುಂದಕ್ಕೆ ಬಾಗಿತೆಂದರೆ, ಟೊಂಕದ ಮೇಲಿನ ಕೊಡವನ್ನು ಕೈಚಾಚಿ ಹಿಡಿದಂತೆ, ಅದೇ ತೂಕವು ಎಷ್ಟೋ ಪಟ್ಟು ಭಾರವಾಗಿ ಕೊರಳಿನ ಹಿಂದಿನ ಸ್ನಾಯುಗಳನ್ನು ಜಗ್ಗತೊಡಗುವದು. ಬರೆಯುವವರು, ಹೊಲಿಯುವವರು, ಲೆಕ್ಕವಿಡುವವರು, ಅಕ್ಷರ ಜೋಡಿಸುವವರು, ಇವರೆಲ್ಲರೂ ಈ ಕಂದಾಯವನ್ನು ದಿನಾಲು ಸಲ್ಲಿಸುತ್ತಲೇ ಬಂದಿದ್ದಾರೆ. ರಸೀತಿ ಮಾತ್ರ ಐವತ್ತನೆಯ ವಯಸ್ಸಿನ ಸುಮಾರಿಗೆ ಕೈಸೇರುವದು.

ಈ ಕಂದಾಯವನ್ನು ತಗ್ಗಿಸಲಿಕ್ಕೆ ಹಿಂದಿನವರು ಯಾವ ಉಪಾಯವನ್ನೂ ಮಾಡಲಿಲ್ಲವೆಂದು ತಿಳಿಯಲಾಗದು. ಪುರಾಣ ಓದಿಸುವ ಮನೆಗಳಲ್ಲಿ ವ್ಯಾಸಪೀಠವಿರುತ್ತಿತ್ತು. ಒಂದೇ ಹಲಗೆಯನ್ನು ಕೊಯ್ದು, ಎರಡು ಕೈಗಳು ಒಂದರೊಳಗೊಂದು ಹಾಯ್ದು ನಿಲ್ಲುವಂತೆ ಮಾಡಿದ ಆ ಪೀಠವು ಬೇಕಾದಾಗ ಬಿಚ್ಚಲಿಕ್ಕೆ, ಬೇಡವಾದಾಗ ಮಡಿಚಿ ಗೋಡೆಗೆ ಒರಗಿಸಲಿಕ್ಕೆ ಬರುವಂಥದು. ಅದರ ಮೇಲೆ ಗ್ರಂಥವು ನೆಲದಿಂದ ಒಂದು ಗೇಣು ಮೇಲಕ್ಕೆದ್ದು, ಓದುವವನ ಕಡೆಗೆ ತುಸು ಮೊಗವೆತ್ತಿ ಕೂಡುತ್ತಿತ್ತು. ಗ್ರಂಥಕ್ಕೆ ಗೌರವ ಸಂದಿತೆಂದು ಮನೆಯವರು ತಿಳಿಯುತ್ತಿದ್ದರು. ಓದುವವನ ಕೊರಳಿಗೂ ಅಷ್ಟೇ ಗೌರವವು ಸಲ್ಲುತ್ತಿತ್ತು. ಅರಳೆ ಪೇಟೆಯ ಅಡತಿ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತ ಗುಮಾಸ್ತನ ಮುಂದಿನ ಇಳಿಜಾರು ಡೆಸ್ಕಿನ ಉದ್ದೇಶವೂ ಇದೇ. ಇವೆಲ್ಲಕ್ಕಿಂತ ಜಾಣತನವು ನೇಕಾರರದು. ಕುಣಿಮಗ್ಗದಲ್ಲಿ ಮಗ್ಗವನ್ನು ಎತ್ತರಿಸುವ ಗೋಜಿಗೆ ಹೋಗದೆ ನೆಲವನ್ನೇ ಅಗೆದರು. ನೇಕಾರನು ಕುಣಿಯ ಅಂಚಿನಲ್ಲಿ ಕುಳಿತು, ಕಾಲುಗಳನ್ನು ಕೆಳಗಿನ ತುಳಿಹಲಗೆಗಳ ಮೇಲಿಟ್ಟರೆ, ನೇಯುವ ಬಟ್ಟೆಯು ಅವನ ಕೈಯ ಮಟ್ಟಕ್ಕೆ ತಾನಾಗಿ ಬಂದು ನಿಲ್ಲುವದು. ಭೂಮಿಯನ್ನೇ ಮನುಷ್ಯನ ಅಳತೆಗೆ ತಿದ್ದಿಕೊಂಡ ಉದಾಹರಣೆಯಿದು.

ಗದಗ-ಬೆಟಗೇರಿಯ ಅವಳಿ ಊರಿನಲ್ಲಿ ಈ ಸಂಗತಿಗಳನ್ನು ಹೇಳಲಿಕ್ಕೆ ವಿಶೇಷ ಕಾರಣವುಂಟು. ಬೆಟಗೇರಿಯು ನೇಕಾರರ ಊರು. ಗದಗು ಮುದ್ರಣಕಾಶಿಯೆಂದು ಹೆಸರಾದದ್ದು. ಒಂದು ಕಡೆ ನೂಲು ಜೋಡಿಸುವವರು, ಇನ್ನೊಂದು ಕಡೆ ಅಕ್ಷರ ಜೋಡಿಸುವವರು. ೨೦೨೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ಮನೆಯೊಳಗೆ ಕುಳಿತಾಗ, ಮನೆಯನ್ನೇ ಕಚೇರಿ ಮಾಡಿಕೊಳ್ಳುವ ಹೊಸ ಪದ್ಧತಿಯು ಹುಟ್ಟಿತೆಂದು ಪಟ್ಟಣದವರು ಆಶ್ಚರ್ಯಪಟ್ಟರು. ಬೆಟಗೇರಿಯ ಓಣಿಗಳಲ್ಲಿ ಅಡ್ಡಾಡಿದವರಿಗೆ ಅದರಲ್ಲಿ ಹೊಸತೇನೂ ಕಾಣಿಸಲಿಲ್ಲ. ಪಡಸಾಲೆಯಲ್ಲಿ ಮಗ್ಗ, ಒಳಗೆ ಒಲೆ, ಮಗ್ಗದ ಸಪ್ಪಳದಲ್ಲಿಯೇ ತೂಗುವ ತೊಟ್ಟಿಲು. ಅಲ್ಲಿ ಕೆಲಸವೂ ಸಂಸಾರವೂ ಒಂದೇ ಜಂತಿಯ ಕೆಳಗೆ ತಲೆಮಾರುಗಳಿಂದ ಬಾಳಿವೆ. ಒಂದರ ಗದ್ದಲವನ್ನು ಇನ್ನೊಂದು ಹೇಗೆ ತಾಳಿಕೊಳ್ಳಬೇಕೆಂಬ ವಿದ್ಯೆಯನ್ನು ಆ ಮನೆಗಳು ಯಾವ ಶಾಲೆಯಲ್ಲಿಯೂ ಕಲಿತದ್ದಲ್ಲ.

ಇಂಥ ಓಣಿಯೊಂದರಲ್ಲಿ ಒಬ್ಬ ಗೃಹಸ್ಥರಿದ್ದಾರೆ. ನೇಕಾರರ ಮನೆಯ ಮಗಳನ್ನು ಕೈಹಿಡಿದ ಮುದ್ರಣದ ಕೆಲಸಗಾರರು ಅವರು. ಹುಡುಗತನದಲ್ಲಿಯೇ ಒಂದು ಛಾಪಖಾನೆಯನ್ನು ಸೇರಿ, ನೂರಾರು ಮನೆಗಳ ಪೆಟ್ಟಿಗೆಯ ಮುಂದೆ ನಿಂತು ಸೀಸದ ಮೊಳೆಗಳನ್ನು ಆಯ್ದು ಜೋಡಿಸಲಿಕ್ಕೆ ಕಲಿತವರು. ಎಡಗೈಯಲ್ಲಿ ಅಚ್ಚಿನ ಪಟ್ಟಿ, ಬಲಗೈ ಪೆಟ್ಟಿಗೆಯ ಮನೆಗಳ ಮೇಲೆ, ಕಣ್ಣು ಎದುರಿಗಿರಿಸಿದ ಹಸ್ತಪ್ರತಿಯ ಮೇಲೆ. ಇದು ಆಗಿನ ಮೊಳೆಗಾರನ ನಿಲುವು. ಸೀಸದ ಕಾಲ ಮುಗಿದು ಕಂಪ್ಯೂಟರು ಬಂದಾಗ ಅವರು ಆ ವಿದ್ಯೆಯನ್ನೂ ಸಾಧಿಸಿಕೊಂಡರು. ಛಾಪಖಾನೆಗಳು ಮುಚ್ಚಿದ ೨೦೨೦ರಲ್ಲಿ ಪುಟಜೋಡಣೆಯನ್ನೂ ಕರಡು ತಿದ್ದುವದನ್ನೂ ಮನೆಯಿಂದಲೇ ಮಾಡತೊಡಗಿ, ತರುವಾಯ ಅದನ್ನೇ ಮುಂದುವರಿಸಿದರು. ಆಗ ಅವರ ವಯಸ್ಸು ಐವತ್ತನ್ನು ದಾಟಿತ್ತು. ಕೊರಳಿನ ರಸೀತಿ ಕೈಸೇರಿದ್ದೂ ಅದೇ ಕಾಲಕ್ಕೆ.

ಕನ್ನಡದ ಕರಡು ತಿದ್ದುವದೆಂದರೇನೆಂಬದನ್ನು ಹೊರಗಿನವರು ಸುಲಭವಾಗಿ ಊಹಿಸಲಾರರು. ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ಭೇದವು ಅಕ್ಷರದ ಅಡಿಯಲ್ಲಿಯ ಒಂದು ಸಣ್ಣ ಸೀಳು ಮಾತ್ರ. ಪಕಾರದ ಹೊಟ್ಟೆಯೊಳಗೆ ಒಂದು ಓರೆಗೆರೆ ಬಿದ್ದರೆ ಅದು ಷಕಾರವಾಗುವದು. ಒತ್ತಕ್ಷರಗಳು ಕೆಳಗಿಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುವ ಹಾಗೆ ಕೂಡುವವು. ಹಳೆಯ ಅಕ್ಷರಸಂಕೇತದಲ್ಲಿ ಟೈಪು ಮಾಡಿಟ್ಟ ಬರಹವನ್ನು ಯುನಿಕೋಡಿಗೆ ಮಾರ್ಪಡಿಸಿದಾಗಂತೂ ಅರ್ಕಾವೊತ್ತು ಒಂದು ಕಡೆಗೆ, ಅದು ಸೇರಬೇಕಾದ ಅಕ್ಷರ ಇನ್ನೊಂದು ಕಡೆಗೆ ಆಗುವದುಂಟು. ಆದುದರಿಂದ ಮೂಲಪ್ರತಿಯನ್ನೂ ಜೋಡಿಸಿದ ಪುಟವನ್ನೂ ಮಗ್ಗುಲಲ್ಲಿ ಮಗ್ಗುಲು ಇಟ್ಟುಕೊಂಡು, ಸಾಲಿಗೆ ಸಾಲು ತಾಳೆ ನೋಡದೆ ಗತಿಯಿಲ್ಲ. ಒಂದೇ ತೆರೆಯಲ್ಲಿ ಎರಡನ್ನೂ ತೋರಿಸಹೋದರೆ ಎರಡೂ ಕಿರಿದಾಗುವವು. ಒಂದಾದ ಮೇಲೊಂದು ತೋರಿಸಿದರೆ, ಮೂಲದಲ್ಲಿ ಏನಿತ್ತೆಂಬದು ಪುಟಕ್ಕೆ ಬರುವಷ್ಟರಲ್ಲಿ ಮರೆತುಹೋಗುವದು. ಎರಡು ತೆರೆಗಳು ಈ ಉದ್ಯೋಗಕ್ಕೆ ಭೋಗದ ವಸ್ತುವಲ್ಲ. ಮೊಳೆಗಾರನ ಎದುರಿನ ಹಸ್ತಪ್ರತಿಯೂ ಕೈಯಲ್ಲಿಯ ಅಚ್ಚಿನ ಪಟ್ಟಿಯೂ ವೇಷ ಬದಲಿಸಿ ಬಂದವು ಅಷ್ಟೇ.

ಆ ಗೃಹಸ್ಥರು ಎರಡನೆಯ ಮಾನಿಟರನ್ನು ತಂದು ಮೇಜಿನ ಮೇಲಿಟ್ಟರು. ಅವೆರಡರ ಕಾಲುಗಳೂ ಬೇರೆ ಬೇರೆ ಎತ್ತರದವು; ಒಂದರ ಮೇಲ್ಭಾಗವು ಇನ್ನೊಂದರ ನಡುವಿಗೆ ಬರುತ್ತಿತ್ತು. ಕುಳ್ಳನಾದದ್ದನ್ನು ಎತ್ತರಿಸಲಿಕ್ಕೆ ಪುಸ್ತಕಗಳನ್ನು ಅಡಿಗೆ ಕೊಟ್ಟರು. ಮನೆಯಲ್ಲಿ ಎಲ್ಲಕ್ಕೂ ದಪ್ಪವಾದ ಪುಸ್ತಕವೆಂದರೆ ಕಿಟೆಲ್ಲರ ನಿಘಂಟು. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯಿಂದ ಮೊದಲು ಹೊರಬಿದ್ದ ಆ ಮಹಾಗ್ರಂಥದ ಮರುಮುದ್ರಣವೊಂದು ಅವರಲ್ಲಿತ್ತು. ಕನ್ನಡದ ಭಾರವನ್ನೆಲ್ಲ ಹೊತ್ತ ಗ್ರಂಥಕ್ಕೆ ಒಂದು ಮಾನಿಟರಿನ ಭಾರವು ಎಷ್ಟರದು? ಆದರೆ ಕರಡು ತಿದ್ದುವವನಿಗೆ ನಿಘಂಟು ದಿನಕ್ಕೆ ಹತ್ತು ಸಲ ಬೇಕು. ಒಂದು ಶಬ್ದದ ಮೇಲೆ ಸಂಶಯ ಬಂದಿತೆಂದರೆ ತೆರೆಯನ್ನು ಎರಡೂ ಕೈಗಳಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ನಿಘಂಟನ್ನು ಜಗ್ಗಿ, ಶಬ್ದವನ್ನು ನೋಡಿ, ಮತ್ತೆ ಕಟ್ಟಡ ಕಟ್ಟಬೇಕು. ಕೆಲವು ವಾರಗಳಲ್ಲಿ ಅವರ ಸಂಶಯಗಳು ಕಡಿಮೆಯಾದವು. ಜ್ಞಾನವು ಹೆಚ್ಚಿದ್ದರಿಂದ ಕಡಿಮೆಯಾಗಲಿಲ್ಲವೆಂಬದನ್ನು ಅವರ ಪುಟಗಳನ್ನು ಪಡೆದವರು ಕಂಡುಕೊಂಡರು.

ಅಷ್ಟರಲ್ಲಿ ಕೊರಳ ನೋವು ಹೆಗಲಿಗಿಳಿದು, ಬಲಗೈಯ ಬೆರಳುಗಳ ವರೆಗೆ ಜುಮುಗುಡುತ್ತ ಬಂದಿತು. ವೈದ್ಯರು ಎಲುಬುಗಳ ಚಿತ್ರ ತೆಗೆಸಿ ನೋಡಿ, ಕೂಡುವ ರೀತಿಯನ್ನು ಬದಲಿಸಬೇಕು, ಇಲ್ಲವಾದರೆ ಉದ್ಯೋಗವನ್ನು ಬದಲಿಸಬೇಕು ಎಂದು ಹೇಳಿದರು. ಮೂವತ್ತೈದು ವರ್ಷ ಅಕ್ಷರಗಳನ್ನು ಬಿಟ್ಟು ಬೇರೇನನ್ನೂ ಮುಟ್ಟದವನಿಗೆ ಎರಡನೆಯ ಮಾತು ಹೇಗೆ ಕೇಳಿಸಿರಬೇಕೆಂಬದನ್ನು ಬಿಡಿಸಿ ಹೇಳುವ ಕಾರಣವಿಲ್ಲ. ಮನೆಯಲ್ಲಿ ಅವರು ಅದನ್ನು ಹೇಳಲಿಲ್ಲ. ಮೊದಲನೆಯದನ್ನು ಮಾತ್ರ ಹೇಳಿದರು. ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದ ಮಗಳು ಹಬ್ಬಕ್ಕೆ ಬರುವಾಗ ಒಂದು ಉದ್ದನ್ನ ಪೆಟ್ಟಿಗೆಯನ್ನು ತಂದಳು. ಅದರೊಳಗೆ ಎರಡು ಉಕ್ಕಿನ ತೋಳುಗಳು, ಒಂದು ಗಿಡ್ಡ ಕಂಬ, ಮೇಜಿನ ಅಂಚನ್ನು ಕಚ್ಚಿ ಹಿಡಿಯುವ ಒಂದು ಹಿಡಿಕೆ, ಹಿಡಿಯಷ್ಟು ತಿರುಪುಗಳು, ಆರು ಮೂಲೆಯ ಸಣ್ಣ ಕೀಲಿಗಳು ಇದ್ದವು. ಒಂದು ಒಳ್ಳೆಯ ಕುರ್ಚಿಗಿಂತ ಅದರ ಬೆಲೆಯು ಕಡಿಮೆಯೇ.

ಈ ತೋಳಿನ ರಚನೆಯನ್ನು ತಿಳಿದುಕೊಳ್ಳುವದು ಸ್ವಾರಸ್ಯಕರವಾಗಿದೆ. ಮನುಷ್ಯನ ತೋಳಿನಂತೆ ಇದಕ್ಕೂ ಹೆಗಲು, ಮೊಳಕೈ, ಮಣಿಕಟ್ಟು ಎಂಬ ಮೂರು ಸಂದುಗಳುಂಟು. ಹೆಗಲು ಕಂಬದ ಸುತ್ತ ತಿರುಗುವದು. ಮೊಳಕೈ ಮಡಿಚಿ ಚಾಚುವದು. ಮಣಿಕಟ್ಟು ತೆರೆಯನ್ನು ಹಿಂದೆ ಮುಂದೆ ಓರೆ ಮಾಡುವದಲ್ಲದೆ, ಅಡ್ಡವಾಗಿದ್ದುದನ್ನು ನೆಟ್ಟಗೆ ನಿಲ್ಲಿಸಲಿಕ್ಕೂ ಬರುವಂತೆ ತಿರುಗುವದು. ಇದರ ಜೀವಾಳವು ಮೊಳಕೈಯಿಂದ ಮಣಿಕಟ್ಟಿನ ವರೆಗಿನ ಭಾಗದಲ್ಲಿ ಅಡಗಿದೆ. ಅಲ್ಲಿ ಬಿಗಿಯಾದ ಸ್ಪ್ರಿಂಗು, ಇಲ್ಲವೆ ಒತ್ತಿ ತುಂಬಿದ ನೈಟ್ರೋಜನ್ ಅನಿಲದ ಕೊಳವೆ ಇರುವದು. ತೆರೆಯ ಭಾರವು ಕೆಳಕ್ಕೆ ಎಷ್ಟು ಜಗ್ಗುವದೋ ಅದು ಅಷ್ಟೇ ಮೇಲಕ್ಕೆ ನೂಕುವದು. ಬಾವಿಯ ಏತವನ್ನು ಕಂಡವರಿಗೆ ಈ ತತ್ತ್ವವು ಹೊಸತಲ್ಲ. ಏತದ ಒಂದು ತುದಿಯಲ್ಲಿ ನೀರಿನ ಭಾಂಡ, ಇನ್ನೊಂದು ತುದಿಯಲ್ಲಿ ಕಲ್ಲಿನ ಗುಂಡು. ಎರಡೂ ಸರಿದೂಗಿದಾಗ ಬಡಕಲು ಮನುಷ್ಯನೂ ನೀರೆತ್ತಬಲ್ಲನು. ಇಲ್ಲಿ ಕಲ್ಲಿನ ಬದಲು ಸ್ಪ್ರಿಂಗು ಬಂದಿದೆ, ಅಷ್ಟೇ ಅಂತರ.

ಕಲ್ಲನ್ನು ಬಿಟ್ಟು ಸ್ಪ್ರಿಂಗಿನಿಂದಲೇ ತೂಗಿಸುವ ಉಪಾಯಕ್ಕೆ ಹೆಸರಾದವನು ಇಂಗ್ಲೆಂಡಿನ ಬಾತ್ ಪಟ್ಟಣದ ಜಾರ್ಜ್ ಕಾರ್ವರ್ಡೈನ್ ಎಂಬ ಇಂಜಿನಿಯರು. ಮೋಟಾರು ಗಾಡಿಗಳ ಕುಲುಕಾಟವನ್ನು ತಡೆಯುವ ಸ್ಪ್ರಿಂಗುಗಳಲ್ಲಿ ಪರಿಶ್ರಮವುಳ್ಳ ಅವನು ೧೯೩೨ರಲ್ಲಿ, ಹೇಗೆ ಬಾಗಿಸಿ ಬಿಟ್ಟರೆ ಹಾಗೆಯೇ ನಿಲ್ಲುವ ಮೇಜುದೀಪಕ್ಕೆ ಪೇಟೆಂಟು ಪಡೆದನು. ಆಂಗಲ್‌ಪಾಯ್ಸ್ ಎಂಬ ಆ ದೀಪದ ವಂಶಜರನ್ನು ಇಂದಿಗೂ ಗಡಿಯಾರ ರಿಪೇರಿಯ ಅಂಗಡಿಗಳಲ್ಲಿ, ದಂತವೈದ್ಯರ ಕೋಣೆಗಳಲ್ಲಿ ಕಾಣಬಹುದು. ದೀಪದ ಜಾಗದಲ್ಲಿ ತೆರೆಯನ್ನು ಕೂಡಿಸುವದಕ್ಕೆ ಇನ್ನೊಂದು ಒಪ್ಪಂದವು ಬೇಕಾಗಿತ್ತು. ಒಬ್ಬನು ಮಾಡಿದ ತೋಳಿಗೆ ಇನ್ನೊಬ್ಬನು ಮಾಡಿದ ಮಾನಿಟರು ಹೊಂದಬೇಕಾದರೆ ತಿರುಪಿನ ತೂತುಗಳು ಒಂದೇ ಅಳತೆಯಲ್ಲಿರಬೇಕು. ವೆಸಾ ಎಂಬ ಹೆಸರಿನ ತಯಾರಕರ ಸಂಘವು ಇದನ್ನು ಗೊತ್ತುಮಾಡಿತು: ಬೆನ್ನಿನ ಮೇಲೆ ಚೌಕಾಕಾರವಾಗಿ ನಾಲ್ಕು ತೂತು, ತೂತಿನಿಂದ ತೂತಿಗೆ ೭೫ ಇಲ್ಲವೆ ೧೦೦ ಮಿಲಿಮೀಟರು. ದೂರದ ದೇಶದಲ್ಲಾದ ತೆರೆಗೆ ಇನ್ನೆಲ್ಲಿಯೋ ಆದ ತೋಳು ಬೆಟಗೇರಿಯ ಪಡಸಾಲೆಯಲ್ಲಿ ಸರಿಯಾಗಿ ಕೂಡಿದ್ದು ಈ ನಾಲ್ಕು ತೂತುಗಳ ಪುಣ್ಯದಿಂದ. ಎಲ್ಲ ಮಾನಿಟರುಗಳ ಬೆನ್ನಿಗೂ ಈ ತೂತುಗಳಿರುವದಿಲ್ಲ. ಕೊಳ್ಳುವವರು ಮೊದಲು ಬೆನ್ನು ತಿರುವಿ ನೋಡತಕ್ಕದ್ದು.

ಜೋಡಿಸುವ ಕೆಲಸಕ್ಕೆ ತಂದೆ ಮಗಳಿಬ್ಬರೂ ಕುಳಿತರು. ತೋಳು ಹೊರಬಲ್ಲ ಭಾರಕ್ಕೆ ಕೆಳಗೂ ಮೇಲೂ ಮಿತಿಯುಂಟು. ಮಿತಿಗಿಂತ ಹಗುರಾದ ತೆರೆಯನ್ನು ಅದು ಆಕಾಶಕ್ಕೆತ್ತುವದು, ಭಾರವಾದದ್ದನ್ನು ಕೆಳಗಿಳಿಸುವದು. ಆದ್ದರಿಂದ ಮಾನಿಟರುಗಳ ಕಾಲುಗಳನ್ನು ಬಿಚ್ಚಿ, ಅಡಿಗೆಮನೆಯ ತಕ್ಕಡಿಯಲ್ಲಿ ಜೋಳ ತೂಗಿದಂತೆ ತೂಗಿ ನೋಡಿದರು. ಮೇಜು ಸಾಗುವಾನಿಯದು, ಮುಚ್ಚಿಹೋದ ಛಾಪಖಾನೆಯೊಂದರಿಂದ ಕೊಂಡದ್ದು. ಅದರ ಹಲಗೆಯು ಹಿಡಿಕೆಯ ಬಾಯಿಗೆ ಅಳತೆಗೆ ತಕ್ಕಷ್ಟು ದಪ್ಪವಾಗಿತ್ತು. ಗಾಜಿನ ಮೇಜಿಗೆ ಈ ಹಿಡಿಕೆಯನ್ನು ಹಾಕಲಾಗದು. ಎರಡು ತೆರೆಗಳ ಭಾರವೂ ಅಂಚಿನ ಒಂದೇ ಬಿಂದುವಿನ ಮೇಲೆ ಬೀಳುವದರಿಂದ ಗಾಜು ಒಡೆಯುವ ಭಯವುಂಟು. ಮೇಜು ಗೋಡೆಗೆ ತೀರ ಹತ್ತಿದ್ದರೆ ಮೊಳಕೈ ಹಿಂದಕ್ಕೆ ಮಡಿಚಲಿಕ್ಕೆ ಎಡೆ ಸಿಗುವದಿಲ್ಲ. ಅದನ್ನೂ ಒಂದು ಗೇಣು ಮುಂದಕ್ಕೆ ಸರಿಸಿದರು. ಬರಿಯ ತೋಳಿನ ಸ್ಪ್ರಿಂಗನ್ನು ಒತ್ತಿ ಕೈಬಿಟ್ಟರೆ ಅದು ಚಿಮ್ಮಿ ಮೊಗಕ್ಕೆ ಬಡಿಯಬಹುದೆಂದು ಕಾಗದದಲ್ಲಿ ಎಚ್ಚರಿಕೆ ಬರೆದಿದ್ದರು. ಮೊದಲು ತೆರೆಯನ್ನು ಕೂಡಿಸಿ, ಆಮೇಲೆ ಬಿಗುವನ್ನು ಸರಿಪಡಿಸಿದರು. ಕೀಲಿಯನ್ನು ಒಂದು ಸುತ್ತು ಈ ಕಡೆಗೆ, ಅರ್ಧ ಸುತ್ತು ಆ ಕಡೆಗೆ ತಿರುವುತ್ತ ಹೋಗಿ, ಕೊನೆಗೆ ತೆರೆಯು ಬೆರಳಿನಿಂದ ನೂಕಿದತ್ತ ಸರಿದು, ಬಿಟ್ಟಲ್ಲಿ ನಿಂತಿತು. ತಂಬೂರಿಯ ತಂತಿಯನ್ನು ಶ್ರುತಿಗೆ ತಂದಾಗಿನ ಸಮಾಧಾನವು ಆ ಗಳಿಗೆಯಲ್ಲಿ ತಂದೆಯ ಮೊಗದಲ್ಲಿ ಕಾಣಿಸಿತು.

ತೆರೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಬೇಕು, ತೆರೆಯು ಒಂದು ಕೈಯಳತೆಯ ದೂರದಲ್ಲಿರಬೇಕು ಎಂಬದು ಎಲ್ಲೆಡೆಯಲ್ಲಿಯೂ ಹೇಳುವ ನಿಯಮ. ಅವರು ಅಕ್ಷರಶಃ ಹಾಗೆಯೇ ಇರಿಸಿದರು. ಒಂದು ವಾರವಾಯಿತು, ನೋವು ಇಳಿಯಲಿಲ್ಲ. ಎರಡನೆಯ ವಾರದಲ್ಲಿ ಅದು ಹೆಚ್ಚಿತು. ವೈದ್ಯರು ಹೇಳಿದ ಎರಡನೆಯ ಮಾತು ಅವರ ಮನಸ್ಸಿನಲ್ಲಿ ರಾತ್ರಿಯೆಲ್ಲ ತಿರುಗತೊಡಗಿತು. ಇಷ್ಟು ಮಾಡಿಯೂ ಆಗದಿದ್ದರೆ ಇನ್ನೇನು ಮಾಡುವದು? ಮಗಳಿಗೆ ಮಾತ್ರ ಎಲ್ಲವೂ ಸುಖವಾಗಿದೆಯೆಂದು ಫೋನಿನಲ್ಲಿ ಹೇಳುತ್ತಿದ್ದರು.

ಕಾರಣವನ್ನು ಕಂಡುಹಿಡಿದವಳು ಗೃಹಿಣಿ. ಆಕೆಗೆ ಕಂಪ್ಯೂಟರಿನ ವಿದ್ಯೆಯಿಲ್ಲ. ಆದರೆ ಹುಟ್ಟಿದ್ದು ಮಗ್ಗದ ಬದಿಗೆ. ಚಹದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು ಒಂದು ಗಳಿಗೆ ಗಂಡನನ್ನು ನೋಡಿದಳು. “ಗುಡಿಯ ಕಳಸ ನೋಡಿದಂಗ ಗದ್ದ ಎತ್ತಿಕೊಂಡು ಯಾಕ ಕುಂತೀರಿ?” ಎಂದು ಕೇಳಿದಳು. ಅವರು ಕೈಯಿಂದ ಮುಟ್ಟಿ ನೋಡಿಕೊಂಡರು. ಗದ್ದವು ನಿಜವಾಗಿಯೂ ಮೇಲಕ್ಕೆದ್ದಿತ್ತು. ಐವತ್ತು ದಾಟಿದ ಅನೇಕರಂತೆ ಅವರದೂ ಎರಡು ದೃಷ್ಟಿಯ ಕನ್ನಡಕ. ಮೇಲಿನ ಭಾಗವು ದೂರಕ್ಕೆ, ಕೆಳಗಿನದು ಓದಲಿಕ್ಕೆ. ಕಣ್ಣಿನ ಮಟ್ಟದಲ್ಲಿದ್ದ ಅಕ್ಷರವನ್ನು ಕನ್ನಡಕದ ಕೆಳಭಾಗದಿಂದ ಓದಬೇಕಾದರೆ ತಲೆಯನ್ನು ಹಿಂದಕ್ಕೆ ಚೆಲ್ಲದೆ ಉಪಾಯವಿಲ್ಲ. ಮೊದಲು ಬಾಗಿ ನೋಯುತ್ತಿದ್ದ ಕೊರಳು ಈಗ ಸೆಟೆದು ನೋಯುತ್ತಿತ್ತು. ಎಲ್ಲರಿಗಾಗಿ ಬರೆದ ನಿಯಮವು ಅವರ ಕಣ್ಣನ್ನು ನೋಡಿ ಬರೆದದ್ದಲ್ಲ.

“ನಮ್ಮಪ್ಪ ಮಗ್ಗಕ್ಕ ಕೂಡೋ ಮುಂದ ಮೊದಲು ಹಲಗಿ ಸರಿಮಾಡ್ಕೋತಿದ್ದ; ನಮ್ಮಣ್ಣ ಕುಂತ್ರ ಮತ್ತ ಬ್ಯಾರೆ ಮಾಡ್ಕೋತಿದ್ದ” ಎಂದು ಗೃಹಿಣಿ ಹೇಳಿದಳು. ಮಗ್ಗವು ಒಂದೇ ಆದರೂ ಕೂಡುವವನ ಮೈ ಬೇರೆ; ಆದುದರಿಂದ ಅಳತೆಯೂ ಬೇರೆ. ತೆರೆಗಳನ್ನು ಹೆಚ್ಚು ಕಡಿಮೆ ನಾಲ್ಕು ಬೆರಳು ಕೆಳಕ್ಕಿಳಿಸಿ, ಮೇಲಂಚನ್ನು ತುಸು ಹಿಂದಕ್ಕೆ ಓರೆ ಮಾಡಿದರು. ಪುಸ್ತಕಗಳ ಮೇಲಿನ ತೆರೆಗೆ ಇದನ್ನು ಮಾಡಬೇಕಾಗಿದ್ದರೆ ಒಂದು ನಿಘಂಟನ್ನು ತೆಗೆದು ಒಂದು ಪಂಚಾಂಗವನ್ನು ಇಡಬೇಕಾಗುತ್ತಿತ್ತು. ಇಲ್ಲಿ ಅಂಗೈಯಿಂದ ಒತ್ತಿದ್ದೇ ಸಾಕಾಯಿತು. ತಿಂಗಳೊಪ್ಪತ್ತಿನಲ್ಲಿ ಬೆರಳುಗಳ ಜುಮುಗು ನಿಂತಿತು. ತರುವಾಯ ಕಣ್ಣಿನ ವೈದ್ಯರು ತೆರೆಯ ದೂರಕ್ಕೆಂದೇ ಬೇರೊಂದು ಕನ್ನಡಕವನ್ನು ಕೊಟ್ಟಾಗ, ತೆರೆಗಳು ಮತ್ತೆ ಎರಡು ಬೆರಳು ಮೇಲಕ್ಕೇರಿದವು. ಈ ತೋಳಿನ ದೊಡ್ಡ ಗುಣವೆಂದರೆ ಅದು ಸರಿಯಾದ ಎತ್ತರವನ್ನು ತಿಳಿದಿದೆಯೆಂಬದಲ್ಲ. ತಪ್ಪಾದದ್ದನ್ನು ತಿದ್ದಲಿಕ್ಕೆ ಹಟ ಹಿಡಿಯುವದಿಲ್ಲವೆಂಬದು. ಕರಡು ತಿದ್ದುವವರ ಮನೆಗೆ ಒಪ್ಪುವ ಗುಣವೇ ಅದು.

ಎರಡು ತೆರೆಗಳನ್ನು ಹೇಗಿರಿಸಬೇಕೆಂಬದೂ ರೂಢಿಯಿಂದಲೇ ತಿಳಿಯಬೇಕಾದದ್ದು. ಎರಡನ್ನೂ ಸಮನಾಗಿ ನೋಡುವ ಕೆಲಸವಿದ್ದರೆ ಅವುಗಳ ಕೂಡುಗೆರೆಯು ಮೂಗಿನ ನೇರಕ್ಕೆ ಬರಬೇಕು, ಎರಡೂ ತೆರೆದ ಪುಸ್ತಕದಂತೆ ಒಳಮುಖವಾಗಿರಬೇಕು. ಒಂದೇ ಮುಖ್ಯವಾಗಿದ್ದರೆ ಅದು ನಡುವಿಗೆ, ಇನ್ನೊಂದು ಬದಿಗೆ. ಇಲ್ಲವಾದರೆ ದಿನವೆಲ್ಲ ಕೊರಳನ್ನು ಒಂದೇ ಕಡೆಗೆ ಹೊರಳಿಸಬೇಕಾಗುವದು. ಆ ಗೃಹಸ್ಥರು ಪುಟವನ್ನು ತೋರಿಸುವ ತೆರೆಯನ್ನು ನೆಟ್ಟಗೆ ನಿಲ್ಲಿಸಿದರು. ತೆರೆಗಳು ಅಗಲವಾದವು, ಪುಸ್ತಕದ ಪುಟವೋ ನೀಳವಾದದ್ದು. ಅಡ್ಡ ತೆರೆಯಲ್ಲಿ ಅರ್ಧ ಪುಟವನ್ನು ಕಂಡು ಉಳಿದರ್ಧಕ್ಕೆ ಸರಿಸುತ್ತಿದ್ದವರಿಗೆ, ಈಗ ಇಡಿಯ ಪುಟವು ಹಿಂದಿನ ಕರಡು ಹಾಳೆಯಂತೆ ತಲೆಯಿಂದ ಅಡಿಯ ವರೆಗೆ ಒಮ್ಮೆಲೆ ಕಾಣಿಸಿತು. ಸಾಲುಗಳ ನಡುವಿನ ಬಿರುಕು, ಒಂಟಿಯಾಗಿ ಉಳಿದ ಕೊನೆಯ ಸಾಲು, ಎಲ್ಲವೂ ಕಣ್ಣಿಗೆ ಬಿದ್ದವು. ನಿಘಂಟು ಕಪಾಟಿಗೆ ಮರಳಿತು, ಸಂಶಯಗಳೂ ಮರಳಿದವು.

ಆದರೆ ಸುಖಕ್ಕೂ ಒಂದು ದೋಷವುಂಟು. ಹಿಂದೆ ನೋವೇ ಅವರಿಗೆ ಗಡಿಯಾರವಾಗಿತ್ತು. ಸಂಜೆ ಐದಕ್ಕೆ ಕೊರಳು ಬಿಗಿದು, ಏಳು ಎಂದು ಹೇಳುತ್ತಿತ್ತು. ನೋವು ಹೋದ ಮೇಲೆ ಏಳೆಂದು ಹೇಳುವವರು ಯಾರೂ ಉಳಿಯಲಿಲ್ಲ. ಐದು ಹೋಗಿ ಏಳಾಯಿತು, ಏಳು ಹೋಗಿ ಹತ್ತಾಯಿತು. ಊಟದ ತಾಟು ಮುಚ್ಚಿದ್ದು ಮುಚ್ಚಿದ ಹಾಗೆಯೇ ಆರಿತು. ಕಚೇರಿಯಾದರೆ ಅಲ್ಲಿಯ ಸಿಪಾಯಿಯು ದೀಪವಾರಿಸಿ ಹೊರಗೆ ಹಾಕಿಯಾನು. ಮನೆಯ ಕಚೇರಿಗೆ ಸಿಪಾಯಿಯಿಲ್ಲ. ತೆರೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವದು ಕಡಿಮೆಯಾಗಿ ಕಣ್ಣು ಒಣಗುವದೆಂದೂ, ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂದೂ ವೈದ್ಯರು ಹೇಳಿದ್ದರು. ಆ ದೂರದಲ್ಲಿ ಅಂಗಳದ ಬೇವಿನ ಗಿಡವಿತ್ತು, ಅದನ್ನು ನೋಡುವವರಿರಲಿಲ್ಲ.

ಗದುಗಿನ ವೀರನಾರಾಯಣನ ಗುಡಿಗೆ ಹೋದವರಿಗೆ ಕುಮಾರವ್ಯಾಸನ ಕಂಬವನ್ನು ತೋರಿಸುತ್ತಾರೆ. ಆ ಕಂಬದ ಬಳಿ ಕುಳಿತು ಅವನು ಭಾರತವನ್ನು ರಚಿಸಿದನೆಂದು ಪ್ರತೀತಿ. ಹಲಗೆ ಬಳಪಗಳ ಗೊಡವೆಯಿಲ್ಲದೆ, ಒಮ್ಮೆ ಬರೆದ ಪದವನ್ನು ಅಳಿಸದೆ ಹೇಳಿದೆನೆಂದು ಕವಿಯು ತನ್ನ ಹಿರಿಮೆಯನ್ನು ಕಾವ್ಯದ ಮೊದಲಲ್ಲಿಯೇ ಹೇಳಿಕೊಂಡಿದ್ದಾನೆ. ಬರವಣಿಗೆಯ ಉಪಕರಣಗಳ ವಿಷಯದಲ್ಲಿ ಅವನದು ಒಂದು ತುದಿ. ಎರಡು ತೆರೆ, ಎರಡು ತೋಳು, ನಾಲ್ಕು ಕೀಲಿಗಳ ಮನೆಯದು ಇನ್ನೊಂದು ತುದಿ. ಅವನ ವಿಷಯಕ್ಕೆ ಜನರು ಹೇಳುವ ಇನ್ನೊಂದು ಐತಿಹ್ಯವುಂಟು. ಮಿಂದು ಒದ್ದೆಯ ಬಟ್ಟೆಯಲ್ಲಿಯೇ ಬಂದು ಕೂಡುತ್ತಿದ್ದನಂತೆ. ಮೈಮೇಲಿನ ಬಟ್ಟೆಯು ಆರುವ ವರೆಗೆ ಮಾತ್ರ ಕವಿತೆಯು ಹರಿಯುತ್ತಿತ್ತಂತೆ. ಆರಿತೆಂದರೆ ಅಂದಿನ ಕೆಲಸ ಮುಗಿಯಿತು. ಐತಿಹ್ಯವನ್ನು ನಂಬುವದೂ ಬಿಡುವದೂ ಅವರವರಿಗೆ ಸೇರಿದ್ದು. ಆದರೆ ಅದನ್ನು ಕಟ್ಟಿದ ಜನರಿಗೆ ಒಂದು ಸಂಗತಿಯು ಚೆನ್ನಾಗಿ ಗೊತ್ತಿತ್ತು: ಎಂಥ ದೊಡ್ಡ ಕೆಲಸಕ್ಕಾದರೂ ಅದರ ಹೊರಗಿನಿಂದ ಬರುವ ಒಂದು ಮಿತಿಯಿರಬೇಕು, ಮತ್ತು ಆ ಮಿತಿಯನ್ನು ಕೆಲಸ ಮಾಡುವವನೇ ಮೈಮೇಲೆ ಹೊದ್ದುಕೊಂಡು ಬರಬೇಕು.

ಒದ್ದೆಯ ಬಟ್ಟೆಯ ಕೆಲಸವನ್ನು ಆ ಮನೆಯಲ್ಲಿ ತೋಳುಗಳೇ ಮಾಡಿದವು. ಮನೆಯಲ್ಲಿರುವದು ಒಂದೇ ದೊಡ್ಡ ಮೇಜು. ತೆರೆಗಳು ಕಾಲೂರಿ ನಿಂತಿದ್ದಾಗ ಅದು ಹಗಲಿರುಳೂ ಕಚೇರಿಯದೇ ಆಗಿತ್ತು. ಈಗ ಎರಡೂ ತೋಳುಗಳನ್ನು ಮಡಿಚಿ ಗೋಡೆಗೆ ಸರಿಸಿದರೆ, ವ್ಯಾಸಪೀಠವನ್ನು ಮಡಿಚಿಟ್ಟ ಹಾಗೆ, ಮೇಜಿನ ಹಲಗೆಯೆಲ್ಲ ಬಯಲಾಗುವದು. ಸಂಜೆ ಆರಕ್ಕೆ ಗೃಹಿಣಿಗೆ ಅಲ್ಲಿ ಮಹಿಳಾ ಸಂಘದ ಲೆಕ್ಕ ಬರೆಯುವದಿರುತ್ತದೆ. ನೆರೆಮನೆಯ ಎರಡು ಮಕ್ಕಳು ಪಾಠಕ್ಕೆ ಬರುತ್ತವೆ. ಆಕೆ ಯಾರನ್ನೂ ಕೇಳುವದಿಲ್ಲ. ಗಂಡನು ಕುಳಿತಿದ್ದರೂ ಸರಿಯೇ, ಒಂದು ಬೆರಳಿನಿಂದ ಮೊದಲು ಎಡಗಡೆಯ ತೆರೆಯನ್ನು, ಆಮೇಲೆ ಬಲಗಡೆಯದನ್ನು ನೂಕಿಬಿಡುವಳು. ಅವು ಸಪ್ಪಳವಿಲ್ಲದೆ ಸರಿದು ನಿಲ್ಲುವವು. ಅರ್ಧ ತಿದ್ದಿದ ಸಾಲು ಗೋಡ್ಡೆಗೆ ಮುಖ ಮಾಡುವದು. ಮೊದಮೊದಲು ಅವರು ಗೊಣಗಿದರು. ಈಗ ಎದ್ದು ಹೋಗಿ ಬೇವಿನ ಗಿಡದ ಕೆಳಗೆ ಕೂಡುತ್ತಾರೆ.

ಒಂದು ದಿನ ಗೃಹಿಣಿಯ ತಂದೆ ಮಗಳ ಮನೆಗೆ ಬಂದರು. ಎಂಬತ್ತರ ಹತ್ತಿರದ ವೃದ್ಧರು. ಅರವತ್ತು ವರ್ಷ ಮಗ್ಗದ ಮುಂದೆ ಕುಳಿತ ಬೆನ್ನು ನಿಂತಾಗಲೂ ಕುಳಿತ ಹಾಗೆಯೇ ಇರುವದು. ಅಳಿಯನು ತೋಳುಗಳನ್ನು ಮೇಲೆ ಕೆಳಗೆ ಆಡಿಸಿ ತೋರಿಸಿದನು. ಮುದುಕರು ಹತ್ತಿರ ಬಂದು ತೆರೆಯ ಕಡೆಗೆ ನೋಡದೆ ಅದರ ಹಿಂದಿನ ಸಂದುಗಳನ್ನು ನೋಡಿದರು. ಬೆರಳಿನಿಂದ ಒಮ್ಮೆ ನೂಕಿದರು. ಅದು ಸರಿದು ನಿಂತಿತು. ಇನ್ನೊಮ್ಮೆ ನೂಕಿದರು. ತುಸು ಹೊತ್ತು ಸುಮ್ಮನಿದ್ದು, ಬೆಲೆ ಎಷ್ಟೆಂದು ಕೇಳಿಕೊಂಡು, “ಇದನ್ನ ಮಗ್ಗಕ್ಕ ಹಚ್ಚಾಕ ಬರ್ತದೇನು?” ಎಂದು ಕೇಳಿದರು.

ಅವರ ಮಗನು ಇನ್ನೂ ಅದೇ ಕುಣಿಯಲ್ಲಿ ಕುಳಿತು ನೇಯುತ್ತಾನೆ. ಅಳಿಯನಿಗೆ ಉತ್ತರವು ಕೂಡಲೆ ಹೊಳೆಯಲಿಲ್ಲ. ಮರುದಿನ ಅವನು ಅಳತೆಪಟ್ಟಿಯನ್ನು ಕಿಸೆಯಲ್ಲಿಟ್ಟುಕೊಂಡು ಮಾವನ ಮನೆಗೆ ಹೋದನು.